ಗೇರ್ ಸೈಕಲ್ ಸಲಹೆಗಾರ

ಗೇರ್ ಸೈಕಲ್ ಸಲಹೆಗಾರ ಎಂದರೆ ಕೈಯಿಂದ ಒಂದು ರೂಪಾಯಿ ಹಾಕದೆ ಇನ್ನೊಬ್ಬರ ಸೈಕಲ್ ಖರೀದಿಯನ್ನು ಪೂರ್ತಿ ಮೈಮೇಲೆ ಹಾಕಿಕೊಳ್ಳುವವನು. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಇವನು ಚಹಾದಂಗಡಿಯ ಮುಂದೆ, ಮೊಬೈಲ್ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ, ದುರ್ಗಾ ಪೂಜೆಯ ದಿನಗಳಲ್ಲಿ ಪೆಂಡಾಲಿನ ಹಿಂದೆ ಸಿಗುತ್ತಾನೆ. ಲಿಂಗಸುಗೂರು, ಮಸ್ಕಿ ಕಡೆಯೂ ಇವನ ಬಳಗ ಇದೆ. ವಯಸ್ಸು ಮೂವತ್ತರ ಆಸುಪಾಸು. ಮನೆಯಲ್ಲಿ ಬಂಗಾಳಿ, ಬಜಾರಿನಲ್ಲಿ ಕನ್ನಡ, ಗೇರಿನ ಮಾತು ಬಂದರೆ ಜಪಾನಿನ ಶಿಮಾನೋ ಕಂಪನಿಯ ವಂಶಾವಳಿ: ಟೂರ್ನಿ, ಆಲ್ಟಸ್, ಏಸೆರಾ, ಅಲಿವಿಯೋ. ಈ ಹೆಸರುಗಳನ್ನು ಕೆಳಗಿನ ದರ್ಜೆಯಿಂದ ಮೇಲಿನ ದರ್ಜೆಗೆ ಒಂದೇ ಉಸಿರಿನಲ್ಲಿ ಹೇಳಬಲ್ಲ.

ಇವನು ಅಂಗಡಿಯವರಿಂದ ಕಮಿಷನ್ ತಿನ್ನುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಕಮಿಷನ್ ತಿನ್ನುವವನಾಗಿದ್ದರೆ ಬೈದು ಕಳಿಸಬಹುದಿತ್ತು. ನಿಸ್ವಾರ್ಥಿಯನ್ನು ಬೈಯುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ.

ಇವನ ಬಾಯಲ್ಲಿ ಗೇರ್ ಸೈಕಲ್ ಎಂದರೆ ಮೌಂಟನ್ ಬೈಕ್. ಮೌಂಟನ್ ಬೈಕಿಗೆ ಮೊದಲು ಬೇಕಾದದ್ದು ಮೌಂಟನ್. ಆರ್.ಎಚ್. ಕ್ಯಾಂಪುಗಳು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಪುನರ್ವಸತಿ ಕಲ್ಪಿಸಿದ ಊರುಗಳು. ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆ, ಎರೆ ಹೊಲ. ಕಣ್ಣು ಹರಿದಷ್ಟು ದೂರವೂ ನೆಲ ಸಪಾಟು. ಹೆಚ್ಚೆಂದರೆ ಕಾಲುವೆ ಏರಿಯೊಂದೇ ಏರು. ಇದನ್ನು ಸಲಹೆಗಾರನಿಗೆ ಹೇಳಿದರೆ ಅವನು ಮಸ್ಕಿಯ ಕಡೆ ಕೈ ತೋರಿಸುತ್ತಾನೆ. "ಅಶೋಕನ ಶಾಸನದ ಗುಡ್ಡ ಐತಲ್ರಿ!" ಮಸ್ಕಿಯ ಶಾಸನವನ್ನು 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಗುರುತಿಸಿದರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಕೆತ್ತಿದ್ದರಿಂದ ಅದು ಜಗತ್ತಿಗೆ ಗೊತ್ತಾಯಿತು. ಆ ಬಂಡೆಯ ತನಕ ಸೈಕಲ್ ಮೇಲೆ ಹೋಗಿ ಬರಬೇಕೆನ್ನುವುದು ಸಲಹೆಗಾರನ ಬಹುಕಾಲದ ಯೋಜನೆ. ಹೋದದ್ದನ್ನು ಕಂಡವರಿಲ್ಲ.

ಮೌಂಟನ್ ಬೈಕಿನ ಇತಿಹಾಸವನ್ನು ಕೇಳದಿದ್ದವರಿಗೂ ಇವನು ಹೇಳುತ್ತಾನೆ, ಮತ್ತು ಸರಿಯಾಗಿಯೇ ಹೇಳುತ್ತಾನೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅದು ಸ್ಪರ್ಧೆಯಾಯಿತು. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಹಿಂದಿನ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿದ್ದರಿಂದ ಆ ದಾರಿಗೆ ರೀಪ್ಯಾಕ್ ಎಂದೇ ಹೆಸರು ಬಿತ್ತು. 1977ರಲ್ಲಿ ಜೋ ಬ್ರೀಜ್ ಆ ಕೆಲಸಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ಸ್ಟಂಪ್‌ಜಂಪರ್ ಎಂಬ ಮಾದರಿಯನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿ ಮಾರಿತು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕೇಳುವವರ ಚಹಾ ಆರಿರುತ್ತದೆ, ಬಿಲ್ಲು ಅವರ ಮುಂದೆ ಬಂದಿರುತ್ತದೆ.

ಸಲಹೆಗಾರನ ಮುಖ್ಯ ಲಕ್ಷಣ, ಉಳಿದೆಲ್ಲ ಲಕ್ಷಣಗಳನ್ನು ನುಂಗಿ ಹಾಕುವಂಥದ್ದು, 'ಇನ್ನೆರಡು ಸಾವಿರ'. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಈ ಭಾಗದ ಹೈಸ್ಕೂಲಿನ ಮಾಸ್ತರರೊಬ್ಬರಿಗೆ ಡಾಕ್ಟರು ಸಕ್ಕರೆ ಕಾಯಿಲೆಯ ಕಾರಣಕ್ಕೆ ದಿನಾ ಸೈಕಲ್ ತುಳಿಯಲು ಹೇಳಿದರು. ಮಾಸ್ತರರ ಹೆಸರು ಇಲ್ಲಿ ಬೇಡ; ಅವರಿಗೂ ಈ ಬರಹಕ್ಕೂ ಏನು ಸಂಬಂಧ ಎಂದು ಓದುಗರು ಕೆದಕಬಾರದೆಂದು ವಿನಂತಿ. ಅವರು ಹದಿನೈದು ಸಾವಿರ ತೆಗೆದಿಟ್ಟಿದ್ದರು. ಅಂಗಡಿಗೆ ನೇರ ಹೋಗಬಹುದಿತ್ತು. ದಾರಿಯಲ್ಲಿ ಸಲಹೆಗಾರ ಸಿಕ್ಕ.

"ಬಜೆಟ್ ಎಷ್ಟ್ರಿ ಸರ್?"

"ಹದಿನೈದು, ತಮ್ಮಾ."

"ಹದಿನೈದಕ್ಕ ಬರ್ತಾವ್ರಿ. ಬರದೇನ? ಆದ್ರ ಇನ್ನೆರಡು ಸಾವಿರ ಹಾಕಿದ್ರ ಕಬ್ಬಿಣ ಹೋಗಿ ಅಲಾಯ್ ಫ್ರೇಮ್ ಬರ್ತದ. ಎರಡು ಕಿಲೋ ಹಗುರ. ನಿಮ್ಮ ಮಣಕಾಲಿನ ಸಲುವಾಗಿ ಹೇಳ್ತೀನಿ ನೋಡ್ರಿ."

ಮೊಣಕಾಲಿನ ಮಾತು ಬಂದ ಮೇಲೆ ಮಾಸ್ತರರು ಹದಿನೇಳಕ್ಕೆ ಒಪ್ಪಿದರು. ಮರುವಾರ ಅಲಾಯ್ ಫ್ರೇಮಿಗೆ ಸಾದಾ ಬ್ರೇಕ್ ಒಪ್ಪುವುದಿಲ್ಲವೆಂದೂ ಎರಡೂ ಗಾಲಿಗೆ ಡಿಸ್ಕ್ ಇರಲೇಬೇಕೆಂದೂ ಗೊತ್ತಾಯಿತು. ಡಿಸ್ಕ್ ಎಂದ ಮೇಲೆ ತಂತಿ ಎಳೆಯುವ ಮೆಕ್ಯಾನಿಕಲ್ ಡಿಸ್ಕಿಗಿಂತ ಎಣ್ಣೆಯ ಒತ್ತಡದ ಹೈಡ್ರಾಲಿಕ್ ಮೇಲು. ಅದಕ್ಕೆ ಇಪ್ಪತ್ತೈದಾದರೂ ಆಗುತ್ತದೆ. ಇಪ್ಪತ್ತೈದು ಹಾಕುವವರು ಮೂರು ಮುಂದಿನ ಹಲ್ಲುಚಕ್ರದ ಹಳೇ ಕಾಲದ ಇಪ್ಪತ್ತೊಂದು ಗೇರು ತೆಗೆದುಕೊಂಡರೆ ಊರು ನಗುತ್ತದೆ. ಈಗ ಮುಂದೆ ಒಂದೇ ಚಕ್ರ, ಹಿಂದೆ ಹತ್ತು. ಅಂಥ ಗೇರಿಗೆ ಸ್ಪ್ರಿಂಗಿನ ಸಸ್ಪೆನ್ಷನ್ ಹಾಕುವುದು ಅನ್ಯಾಯ, ಗಾಳಿ ತುಂಬಿದ ಫೋರ್ಕ್ ಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಾಗ ಮಾಸ್ತರರು ನಿಟ್ಟುಸಿರು ಬಿಟ್ಟರು. ಸಲಹೆಗಾರ ಅದನ್ನೂ ಬಿಡಲಿಲ್ಲ: "ಟ್ಯಾಕ್ಸ್ ಇಳಿದು ಉಳಿದ ರೊಕ್ಕ ಐತಲ್ರಿ, ಅದಕ್ಕ ಇನ್ನೆರಡು ಸಾವಿರ ಹಾಕಿದ್ರ..." ಲೆಕ್ಕ ಅರವತ್ತು ಸಾವಿರ ಮುಟ್ಟಿದ ದಿನ ಮಾಸ್ತರರ ಮನೆಯವರು ಒಳಗಿನಿಂದಲೇ ಕೇಳಿದರು: "ಇಷ್ಟು ರೊಕ್ಕಕ್ಕ ಸೆಕೆಂಡ್ ಹ್ಯಾಂಡ್ ಸ್ಕೂಟಿ ಬರಂಗಿಲ್ಲೇನ್ರಿ?" ಸಲಹೆಗಾರ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಮಾಸ್ತರರಿಗೂ ಉತ್ತರ ಗೊತ್ತಿತ್ತು. ಇಷ್ಟರಲ್ಲಿ ಎರಡು ಭತ್ತದ ಸುಗ್ಗಿ ಕಳೆದಿದ್ದವು. ಸಕ್ಕರೆ ಇದ್ದಲ್ಲೇ ಇತ್ತು.

ಸಲಹೆಗಾರನಿಗೆ ಉದಾಹರಣೆಗಳ ಬರ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಕಿತ್ತು ಗೇಟೇ ಕೊಚ್ಚಿಹೋಯಿತು. ಕಾಲುವೆ ಕೆಳಗಿನ ರೈತರೆಲ್ಲ ಎದೆ ಹಿಡಿದು ಕೂತಿದ್ದ ಆ ವಾರದಲ್ಲಿ ಇವನು ಚಹಾದಂಗಡಿಯಲ್ಲಿ ಅದನ್ನೂ ಸೈಕಲ್ಲಿಗೆ ತಿರುಗಿಸಿದ: "ಅದಕ್ಕ ಹೇಳ್ತೀನ್ರಿ ನಾ, ಸೋವಿ ಚೈನ್ ಬ್ಯಾಡ ಅಂತ." ಅಲ್ಲಿದ್ದ ಹಿರಿಯರೊಬ್ಬರು ಕೈಯಲ್ಲಿದ್ದ ಗ್ಲಾಸು ಎತ್ತಿದ್ದು ಎಸೆಯುವುದಕ್ಕೋ ಕುಡಿಯುವುದಕ್ಕೋ ಇನ್ನೂ ತೀರ್ಮಾನವಾಗಿಲ್ಲ.

ಇಷ್ಟಾದರೂ ಎರಡು ವಿಷಯದಲ್ಲಿ ಇವನ ಮಾತು ಮೀರುವಂತಿಲ್ಲ: ಮುಳ್ಳು ಮತ್ತು ಮಣ್ಣು. ರಾಯಚೂರು ಸೀಮೆಯ ದಾರಿ ಬದಿಯ ಬಳ್ಳಾರಿ ಜಾಲಿ ಎಂಥ ದಪ್ಪ ಟೈರನ್ನೂ ಲೆಕ್ಕಿಸುವುದಿಲ್ಲ. ಮೌಂಟನ್ ಬೈಕಿನ ಟೈರು ದಪ್ಪ, ಗುಬ್ಬಿ ಗುಬ್ಬಿಯಾಗಿರುತ್ತದೆ ನಿಜ. ಆದರೆ ಗುಬ್ಬಿಗಳ ನಡುವಿನ ರಬ್ಬರು ತೆಳು, ಮುಳ್ಳು ಹೊಗುವುದು ಅಲ್ಲೇ. ಹಾಗಾಗಿ ಟ್ಯೂಬಿನೊಳಗೆ ಪಂಕ್ಚರ್ ಮುಚ್ಚುವ ದ್ರವ ಹಾಕಿಸುವುದು ಇಲ್ಲಿ ಶೋಕಿಯಲ್ಲ, ಅಗತ್ಯ. ಟ್ಯೂಬಿನ ವಾಲ್ವು ಮೋಟರ್ ಸೈಕಲ್ಲಿನಂಥ ದಪ್ಪದ್ದಾಗಿದ್ದರೆ ಯಾವ ಪಂಕ್ಚರ್ ಅಂಗಡಿಯ ಗಾಳಿಯೂ ಹಿಡಿಯುತ್ತದೆ; ಸಪೂರ ವಾಲ್ವು ಬಂದರೆ ಜೇಬಿನಲ್ಲಿ ಒಂದು ಅಡಾಪ್ಟರ್ ಇಟ್ಟುಕೊಂಡೇ ಹೊರಡಬೇಕು. ಗಾಳಿಯೂ ಅಷ್ಟೆ. ಹಳೇ ಕರೀ ಸೈಕಲ್ಲಿನ ರೂಢಿಯಂತೆ ಕಲ್ಲಾಗುವ ತನಕ ತುಂಬಿದರೆ ದಪ್ಪ ಟೈರಿನ ಉದ್ದೇಶವೇ ಹೋಯಿತು. 35-40 ಪಿಎಸ್‌ಐ ಸಾಕು.

ಮಣ್ಣಿನ ಕಥೆ ಬೇರೆ. ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿಗೂ ಫ್ರೇಮಿಗೂ ನಡುವೆ ಕರಿಮಣ್ಣು ಕಟ್ಟಿ ಸೈಕಲ್ ನಿಂತುಬಿಡುತ್ತದೆ. ಆಮೇಲೆ ಸವಾರ ಸೈಕಲ್ಲನ್ನು ಹೊತ್ತುಕೊಳ್ಳುತ್ತಾನೆ. ಸಲಹೆಗಾರ ಅಂಗಡಿಯಲ್ಲಿ ಕೂತು ಫೋರ್ಕಿನ ಸಂದಿಗೆ ಎರಡು ಬೆರಳು ತೂರಿಸಿ ನೋಡುವುದು ಇದಕ್ಕೇ. ಬೆರಳು ಸಲೀಸಾಗಿ ಹೋಗದಿದ್ದರೆ ಆ ಸೈಕಲ್ ಮುಂದಕ್ಕೆ ಸಾಗಲಿ ಎನ್ನುತ್ತಾನೆ. ಯಾವ ಪುಸ್ತಕದಲ್ಲೂ ಇಲ್ಲದ ಈ ಬೆರಳಿನ ಅಳತೆ ನೂರಕ್ಕೆ ನೂರು ಸರಿ. ಹಿಂದುಗಡೆಯೂ ಸಸ್ಪೆನ್ಷನ್ ಇರುವ ಸೋವಿ ಸೈಕಲ್ಲುಗಳನ್ನು ಕಂಡರೆ ಮುಖ ತಿರುಗಿಸುತ್ತಾನೆ, ಅದೂ ಸರಿ. ಈ ಬೆಲೆಯಲ್ಲಿ ಬರುವ ಹಿಂದಿನ ಸ್ಪ್ರಿಂಗು ತೂಕ ಏರಿಸಿ, ತುಳಿದ ಶಕ್ತಿಯನ್ನು ಕುಣಿಸಿ ಕಳೆಯುತ್ತದೆ. ಹುಡುಗರ ಕಣ್ಣಿಗೆ ಮಾತ್ರ ಚಂದ.

ಸಲಹೆಗಾರನ ಬಾಯಿ ಮುಚ್ಚಿಸಬಲ್ಲವರು ಕ್ಯಾಂಪಿನ ಹಳಬರು. ಅವರು ಹೊಸ ಸೈಕಲ್ಲಿನ ಸುತ್ತ ಒಂದು ಸಲ ತಿರುಗಿ, "ಕ್ಯಾರಿಯರ್ ಎಲ್ಲೈತಿ? ಸ್ಟ್ಯಾಂಡ್ ಎಲ್ಲೈತಿ?" ಎನ್ನುತ್ತಾರೆ. ಇಪ್ಪತ್ತು ಸಾವಿರದ ವಸ್ತುವನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಕು, ಅದರ ಮೇಲೆ ಒಂದು ಅಕ್ಕಿ ಚೀಲವೂ ಕೂರುವುದಿಲ್ಲ ಎನ್ನುವುದು ಅವರ ತಲೆಗೆ ಹೋಗುವುದೇ ಇಲ್ಲ. ಅವರ ಕಾಲದ ಸೈಕಲ್ಲಿಗೆ ಗೇರಿರಲಿಲ್ಲ; ಅದರ ಮೇಲೆ ಮೀನಿನ ಡಬ್ಬ, ತರಕಾರಿ ಬುಟ್ಟಿ, ಮುಂದಿನ ರಾಡಿನ ಮೇಲೆ ಮಗು, ಹಿಂದೆ ಮಗುವಿನ ತಾಯಿ ಇದ್ದರು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ದೂರದ ಹೈಸ್ಕೂಲಿಗೆ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ಮೇಲೆ ಹೊರಟರು. ಆ ಸೈಕಲ್ಲುಗಳನ್ನು ಆರಿಸಲು ಯಾರೂ ಸಲಹೆಗಾರನನ್ನು ಕೇಳಿರಲಿಲ್ಲ. ಕೊಟ್ಟದ್ದನ್ನು ಹತ್ತಿ ಹೋದರು. ಮುಂದೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಉತ್ತರ ಪ್ರದೇಶದ ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಸುದ್ದಿ ಓದಿ ಸಲಹೆಗಾರ ಅರ್ಧ ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅವನು ಕಾಲು ಹಾಕಿ ಕಲಿತದ್ದು ಅಪ್ಪನ ಅಟ್ಲಾಸಿನ ಮೇಲೆ, ಸೀಟು ಎಟುಕದೆ ತ್ರಿಕೋನದ ಸಂದಿಯಲ್ಲಿ ಕಾಲು ತೂರಿಸಿ.

ಇವನ ಸ್ವಂತ ಸೈಕಲ್ ಮನೆಯ ಪಡಸಾಲೆಯಲ್ಲಿ ಸದಾ ತಲೆಕೆಳಗಾಗಿ ನಿಂತಿರುತ್ತದೆ. ಅದಕ್ಕೆ ಒಂದಲ್ಲ ಒಂದು ಭಾಗ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬರಬೇಕಾಗಿರುತ್ತದೆ. ಭಾಗ ಬಂದಾಗ ಅದಕ್ಕೆ ಹೊಂದುವ ಇನ್ನೊಂದು ಭಾಗ ಬೇಕೆಂದು ಗೊತ್ತಾಗುತ್ತದೆ. ಅವನು ದಿನದ ಕೆಲಸಕ್ಕೆ ಹೋಗುವುದು ತಮ್ಮನ ಸ್ಪ್ಲೆಂಡರ್ ಮೇಲೆ.

ಖರೀದಿಯ ದಿನ ಮಾತ್ರ ಇವನು ಬೇರೆಯೇ ಮನುಷ್ಯ. ಮೇಲೆ ಹೇಳಿದ ಮಾಸ್ತರರು ಕೊನೆಗೆ ಒಂದು ಬೆಳಿಗ್ಗೆ ಮನೆಯವರ ಎದುರಿಗೆ ಹದಿನೆಂಟು ಸಾವಿರಕ್ಕೆ ಗೆರೆ ಎಳೆದು, ಸಲಹೆಗಾರನನ್ನು ಕರೆದುಕೊಂಡೇ ಅಂಗಡಿಗೆ ಹೋದರು. ಡಬ್ಬಿಯಿಂದ ತೆಗೆದು ಜೋಡಿಸಿದ್ದ ಸೈಕಲ್ ಮಿರಿಮಿರಿ ಮಿಂಚುತ್ತಿತ್ತು. ಸಲಹೆಗಾರ ಕುಕ್ಕರಗಾಲಲ್ಲಿ ಕೂತು ಒಂದು ನಿಮಿಷ ನೋಡಿದ. ಮುಂದಿನ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಬಲಗಡೆ ಬಂದಿತ್ತು, ಅದು ಎಡಗಡೆ ಇರಬೇಕು. ಅಂದರೆ ಫೋರ್ಕನ್ನೇ ಹಿಂದುಮುಂದಾಗಿ ಕೂರಿಸಿದ್ದರು. ಅಂಗಡಿಯ ಹುಡುಗ ಎಡ ಪೆಡಲನ್ನು ಬಲದಂತೆಯೇ ತಿರುಗಿಸಿ ಬಿಗಿಯಲು ಹೊರಟಿದ್ದ. "ಏ, ನಿಲ್ಲೋ! ಎಡದ್ದು ಉಲ್ಟಾ ಮರಿ" ಎಂದು ಪಾನಾ ಕಸಿದುಕೊಂಡು ತಾನೇ ಕೂರಿಸಿದ. ಆಮೇಲೆ ಮಾಸ್ತರರನ್ನು ರಾಡಿನ ಎರಡೂ ಬದಿ ಕಾಲಿಟ್ಟು ನಿಲ್ಲಿಸಿದ. ಐದು ಅಡಿ ಆರು ಇಂಚಿನ ಮನುಷ್ಯನಿಗೆ ಅಂಗಡಿಯವರು 19 ಇಂಚಿನ ಫ್ರೇಮ್ ದಾಟಿಸಲು ನೋಡಿದ್ದರು. ಅದನ್ನು ಒಳಗೆ ಕಳಿಸಿ 17 ಇಂಚಿನದು ತರಿಸಿದ. ರಾಡಿಗೂ ತೊಡೆಸಂದಿಗೂ ನಡುವೆ ಎರಡು ಇಂಚು ಜಾಗ ಸಿಕ್ಕ ಮೇಲೆಯೇ ಬಿಲ್ಲು ಬರೆಸಿದ್ದು. ಆ ಹೊತ್ತು ಒಮ್ಮೆಯೂ 'ಇನ್ನೆರಡು ಸಾವಿರ' ಅನ್ನಲಿಲ್ಲ. ಬಿಲ್ಲಾದ ಮೇಲೆ ಅಂದ: ಹೆಲ್ಮೆಟ್ಟು, ಪಂಪು, ಬೀಗಕ್ಕೆ.

ಆ ಎರಡು ಸಾವಿರವನ್ನು ಮಾತ್ರ ಕೊಡಬೇಕು. ಹದಿನೈದರಿಂದ ಇಪ್ಪತ್ತು ಸಾವಿರದೊಳಗೆ ಕೊಳ್ಳುವವರಿಗೆ ಅಲಾಯ್ ಫ್ರೇಮು, ಮುಂದೆ ಮಾತ್ರ ಸಸ್ಪೆನ್ಷನ್, ಮೆಕ್ಯಾನಿಕಲ್ ಡಿಸ್ಕ್, 21 ಗೇರು, ಅಳತೆಗೆ ತಕ್ಕ ಫ್ರೇಮ್ ಇಷ್ಟಿದ್ದರೆ ಕಾಲುವೆ ಏರಿಗೂ ಮಸ್ಕಿ ಗುಡ್ಡದ ಬುಡಕ್ಕೂ ಧಾರಾಳ ಸಾಕು. ಉಳಿದದ್ದೆಲ್ಲ ಚಹಾದಂಗಡಿಯ ಮಾತು. ಹೊಸ ಸೈಕಲ್ಲಿನ ಗೇರು ತಂತಿ ಮೊದಲ ಕೆಲವು ವಾರಗಳಲ್ಲಿ ಸಡಿಲಾಗಿ ಗೇರು ತಾನಾಗಿ ಜಾರುತ್ತದೆ, ಸ್ಪೋಕುಗಳೂ ಸ್ವಲ್ಪ ಲೂಜಾಗುತ್ತವೆ. ಒಂದು ಸಲ ಬಿಗಿ ಮಾಡಿಸಿಕೊಳ್ಳಬೇಕು. ಸಲಹೆಗಾರ ಅದನ್ನು ಪುಕ್ಕಟೆ ಮಾಡಿಕೊಡುತ್ತಾನೆ. ಹೋಗುವಾಗ ಬರೀ ಸೈಕಲ್ ತೆಗೆದುಕೊಂಡು ಹೋಗಿ, ಪರ್ಸು ಮನೆಯಲ್ಲಿಡಿ.