ಎರಡೂ ಕಡೆ ನೌಕರಿ ಹೋಯ್ತು ಸ್ವಾಮಿ!

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ತಲೆಮಾರುಗಟ್ಟಲೆ ಬಾಗಿಲು ಕಾಯ್ದ ‘35’ ಈಗ ನಿವೃತ್ತ. ನಡುವೆ ಹತ್ತು ವರ್ಷ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲೂ ಡೆಪ್ಯುಟೇಶನ್ ಮೇಲೆ ದುಡಿದ ಅಂಕಿ ಇದು. ಬನಿಯನ್, ಪಂಚೆಯಲ್ಲೇ ಜಗಲಿ ಮೇಲೆ ಮಾತಿಗೆ ಕೂತಿತು.

ಪ್ರಿನ್ಸ್‌ಟನ್‌ನವರು ನಿಮ್ಮನ್ನೇ ಯಾಕೆ ಕರೆಸಿಕೊಂಡರು ಸಾರ್?

ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗ್ರೇಡು ‘ಎ’ಗಳೇ ಆಗಿಬಿಟ್ಟಿದ್ದವು. ಡೀನ್ ನ್ಯಾನ್ಸಿ ಮಾಲ್ಕೀಲ್ ಅವರ ಮುಂದಾಳತ್ವದಲ್ಲಿ 2004ರಲ್ಲಿ ಅಧ್ಯಾಪಕರು ಮತ ಹಾಕಿ ನನ್ನನ್ನು ನೇಮಿಸಿದರು. ಪದವಿ ತರಗತಿಗಳಲ್ಲಿ ‘ಎ’ ಗುಂಪಿನ ಗ್ರೇಡು ಶೇ 35 ದಾಟಬಾರದು. ಸ್ವತಂತ್ರ ಪ್ರಬಂಧಗಳಿಗೆ 55 ಇದ್ದ, ನಮ್ಮ ದೊಡ್ಡಪ್ಪನ ಮಗ. ಅವನ ಹೆಸರು ಯಾರಿಗೂ ನೆನಪಿಲ್ಲ, ಬೈಗುಳವೆಲ್ಲ ನನಗೇ.

ನಮ್ಮಲ್ಲಿ ನಿಮ್ಮನ್ನು ಯಾರೂ ಬೈಯುತ್ತಿರಲಿಲ್ಲವಲ್ಲ?

ಅದೇ ಸಂಕಟ. ಊರಲ್ಲಿ ಹುಡುಗನಿಗೆ ಗಣಿತದಲ್ಲಿ ನಾನು ಸಿಕ್ಕಿದರೆ ಅಪ್ಪ ಗಣಪತಿಗೆ ಈಡುಗಾಯಿ ಒಡೆಸಿ ಬೀದಿಗೆಲ್ಲ ಪೇಡೆ ಹಂಚುತ್ತಿದ್ದ. ಅಲ್ಲಿ ಬಿ ಪ್ಲಸ್ ಬಂದವನೂ ನನ್ನ ವಂಶಕ್ಕೆ ಶಾಪ ಹಾಕುತ್ತಿದ್ದ. ಇಲ್ಲಿ ಒಳಗೆ ಬಿಡುವ ಕೆಲಸ, ಅಲ್ಲಿ ತಡೆಯುವ ಕೆಲಸ.

ಶಾಪಕ್ಕೆ ಕಾರಣ ಇತ್ತಲ್ಲ. ಹದಿನೈದು ಜನರ ತರಗತಿಯಲ್ಲಿ ಐದೇ ಜನಕ್ಕೆ ‘ಎ’ ಅಂದರೆ...

ಐದೂ ಕಾಲು! ಲೆಕ್ಕ ಸರಿ ಹಾಕಿ, 5.25. ಆ ಕಾಲು ‘ಎ’ ಯಾರ ಪಾಲಿಗೆ ಅಂತ ಹುಡುಗರು ಅಕ್ಕಪಕ್ಕದವರ ಮುಖ ನೋಡುತ್ತಿದ್ದರು. ನಿಯಮದಲ್ಲಿ ಇದ್ದದ್ದೇ ಬೇರೆ. ಲೆಕ್ಕ ಇಡೀ ವಿಭಾಗಕ್ಕೆ, ಅದೂ ಕೆಲವು ವರ್ಷಗಳ ಸರಾಸರಿ. ಆದರೆ ಸುತ್ತೋಲೆ ಪೂರ್ತಿ ಓದುವವರು ಯಾವ ದೇಶದಲ್ಲಿದ್ದಾರೆ? ಮೇಷ್ಟ್ರುಗಳಿಗೂ ಅನುಕೂಲವೇ ಆಯಿತು. ‘ಚೆನ್ನಾಗೇ ಬರೆದಿದ್ದೀಯಪ್ಪಾ, ಏನು ಮಾಡೋದು, ಮೂವತ್ತೈದು ಬಿಡ್ತಿಲ್ಲ’ ಅಂದುಬಿಟ್ಟರೆ ಮುಗೀತು.

ನಿಮ್ಮಿಂದಾಗಿ ಹುಡುಗರು ಪಕ್ಕದವನಿಗೆ ನೋಟ್ಸ್ ಕೊಡೋದು ಬಿಟ್ಟರಂತೆ?

ಅದನ್ನು ನಾನು ಹೇಳಿಕೊಡಬೇಕಿತ್ತೇ? ನಿಮ್ಮ ಪಿಯುಸಿ ಹುಡುಗರನ್ನು ಕೇಳಿ.

ಎ ಪ್ಲಸ್ ಕಥೆ ಏನು?

ಅದು ಇನ್ನೂ ಸ್ವಾರಸ್ಯ. ಎ ಪ್ಲಸ್ ಕೊಡುವ ಪ್ರೊಫೆಸರ್ ಯಾಕೆ ಕೊಟ್ಟೆ ಅಂತ ಬರೆದುಕೊಡಬೇಕು. ಅಷ್ಟಾಗಿ ಜಿಪಿಎ ಲೆಕ್ಕದಲ್ಲಿ ಅದು 4.0. ಬರೀ ‘ಎ’ ಬಂದವನಿಗೂ ಅಷ್ಟೇ. ಸನ್ಮಾನ ಉಂಟು, ಇನ್‌ಕ್ರಿಮೆಂಟ್ ಇಲ್ಲ.

2014ರಲ್ಲಿ ನಿಮ್ಮನ್ನು ಯಾಕೆ ಕಳಿಸಿದರು?

ಅಧ್ಯಕ್ಷ ಐಸ್‌ಗ್ರೂಬರ್ ಒಂದು ಸಮಿತಿ ಮಾಡಿದರು. ಅಧ್ಯಾಪಕರು ಮತ್ತೆ ಮತ ಹಾಕಿದರು, ನಾನು ಗಂಟುಮೂಟೆ ಕಟ್ಟಿದೆ. ಅದು ಬಿಡಿ. ಸಮಿತಿಯವರು ಇನ್ನೊಂದು ಕಂಡುಹಿಡಿದರು ನೋಡಿ: ಗ್ರೇಡು ಇಳಿಯೋಕೆ ಶುರುವಾದದ್ದು ನಾನು ಚಾರ್ಜ್ ತೆಗೆದುಕೊಳ್ಳುವ ಮೊದಲೇ! ಇನ್ಸ್‌ಪೆಕ್ಟರ್ ಬರ್ತಾರೆ ಅಂದಕೂಡಲೇ ಶಾಲೆಗೆ ಸುಣ್ಣ ಬಳಿದ ಹಾಗೆ, ನಾನು ಬರೋ ಸುದ್ದಿಗೇ ಮೇಷ್ಟ್ರುಗಳ ಕೈ ಬಿಗಿಯಾಗಿತ್ತು. ಮಾಡದ ಕೆಲಸಕ್ಕೆ ಹತ್ತು ವರ್ಷ ಬೈಸಿಕೊಂಡೆನಲ್ಲ ಸ್ವಾಮಿ.

ಅತ್ತ ಹಾರ್ವರ್ಡ್‌ನಲ್ಲಿ ಸುಮಾರು ಶೇ 60 ಗ್ರೇಡು ‘ಎ’ ಅಂತ 2025ರ ಅಕ್ಟೋಬರ್‌ನಲ್ಲಿ ಅವರದೇ ವರದಿ ಬಂತು.

ಓದಿದೆ. ಎಲ್ಲರೂ ಫಸ್ಟ್ ಬಂದರೆ ಕೆಲಸ ಕೊಡುವವರು ಮಾರ್ಕ್ಸ್ ಕಾರ್ಡ್ ಮಡಿಚಿಟ್ಟು ಬೇರೇನೋ ಕೇಳುತ್ತಾರೆ. ಎಲ್ಲಿ ಇಂಟರ್ನ್‌ಶಿಪ್ ಮಾಡಿದ್ದು, ಯಾರ ಶಿಫಾರಸು, ಯಾರ ಮಗ. ನಾನಿದ್ದಾಗ ಬಡವರ ಮಗ ಒಂದು ‘ಎ’ ತೋರಿಸಿದರೆ ಬೆಲೆ ಇತ್ತು.

ಆ ಬಡವರ ಮಗ ಆರನೆಯವನಾಗಿದ್ದರೆ?

(ಕೆಮ್ಮಿ) ಕಾಫಿ ಆರುತ್ತಿದೆ, ತಗೊಳ್ಳಿ.

ಊರಲ್ಲಾದರೂ ಗೌರವದಿಂದ ಇರಬಹುದಿತ್ತು.

ಎಲ್ಲಿಯ ಗೌರವ! 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ಫಲಿತಾಂಶ ಕುಸಿಯಿತು, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಆಗಲೇ ನನಗೆ ವಾಸನೆ ಬಡಿದಿತ್ತು. 2025-26ರಿಂದ ಒಟ್ಟಾರೆ ಶೇ 33, ಒಂದೊಂದು ವಿಷಯಕ್ಕೆ 30 ಸಾಕಂತೆ. ನನ್ನೊಬ್ಬನ ಕುರ್ಚಿಗೆ ಇಬ್ಬರು!

33 ಮಾತಾಡಿಸಿದನೇ?

ನಿನ್ನೆ ಫೋನ್ ಮಾಡಿದ್ದ. ‘ಅಣ್ಣಾ, ಅಮೆರಿಕದಲ್ಲಿ ನನಗೂ ಏನಾದರೂ ಡೆಪ್ಯುಟೇಶನ್ ಸಿಗುತ್ತಾ?’ ಅಂದ. ಪಾಸ್‌ಪೋರ್ಟ್ ಮಾಡಿಸಿಟ್ಟುಕೋ ಅಂದೆ.