ವಿಮಾನಕ್ಕೊಬ್ಬ ಕಂಡಕ್ಟರ್ ಬೇಕು

ಇವರಿಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ನವದೆಹಲಿ.

ಇವರಿಂದ,
ನಿವೃತ್ತ ಬಸ್ ನಿರ್ವಾಹಕ,
ಹುಲ್ಲಹಳ್ಳಿ, ನಂಜನಗೂಡು ತಾಲ್ಲೂಕು, ಮೈಸೂರು ಜಿಲ್ಲೆ.

ವಿಷಯ: ವಿಮಾನಗಳಲ್ಲಿ ಕಂಡಕ್ಟರ್ ಹುದ್ದೆ ಸೃಷ್ಟಿಸಿ, ಮೊದಲ ನೇಮಕಾತಿಯಲ್ಲೇ ನನ್ನನ್ನು ಪರಿಗಣಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಈವರೆಗೆ ವಿಮಾನ ಹತ್ತಿಲ್ಲ. ಇದನ್ನು ಅನರ್ಹತೆ ಎಂದು ಭಾವಿಸಬಾರದು. ಮೈಸೂರು–ನಂಜನಗೂಡು ರಸ್ತೆಯಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣದ ಬೇಲಿ ಪಕ್ಕದಲ್ಲೇ ಟಿಕೆಟ್ ಹರಿದವನು ನಾನು. 2010ರಲ್ಲಿ ಅಲ್ಲಿ ವಿಮಾನ ಇಳಿಯತೊಡಗಿದಾಗ ಬಸ್ಸಿನವರೆಲ್ಲ ಒಂದೇ ಕಡೆಯ ಕಿಟಕಿಗೆ ಮುಗಿಬೀಳುತ್ತಿದ್ದರು. ಡ್ರೈವರ್ ಸ್ಟೇರಿಂಗ್ ಹಿಡಿದು ನನ್ನನ್ನು ಬೈಯುತ್ತಿದ್ದ. ಅಲ್ಲಿನ ರನ್‌ವೇ 1,740 ಮೀಟರ್ ಉದ್ದ. ಇಳಿಯುವುದು ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್. ಅಷ್ಟು ಜನರನ್ನು ನಾನು ಅಮಾವಾಸ್ಯೆ ದಿನ ಫುಟ್‌ಬೋರ್ಡಿನವರನ್ನು ಬಿಟ್ಟು ಎಣಿಸುತ್ತಿದ್ದೆ.

ನನ್ನ ಅನುಭವ ಇಂತಿದೆ. ನಂಜನಗೂಡಲ್ಲಿ ಹತ್ತಿ ಹುಲ್ಲಹಳ್ಳಿ ಬರುವಷ್ಟರಲ್ಲಿ ಮೂರು ಪಕ್ಷ ಬದಲಿಸಿ, ಮೂರೂ ಪಕ್ಷದವರ ಹತ್ತಿರ ಜಗಳ ತೆಗೆದವರನ್ನು ನಿಭಾಯಿಸಿದ್ದೇನೆ. ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ತೇರೆಳೆದ ಸುಸ್ತಿಗೆ ಒಂದಿಷ್ಟು ಹಾಕಿಕೊಂಡು ಬಂದು, ಡ್ರೈವರ್ ಸೀಟು ತಮ್ಮ ತಾತನದು ಎಂದವರನ್ನು ನಿಭಾಯಿಸಿದ್ದೇನೆ. ಕೋಳಿಗೆ ಅರ್ಧ ಟಿಕೆಟ್ ಕೇಳಿದರೆ, ಅದಿನ್ನೂ ಮರಿ ಎಂದು ವಾದಿಸಿದವರನ್ನೂ ನಿಭಾಯಿಸಿದ್ದೇನೆ. 2024ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಬಸ್ಸಿನಲ್ಲಿ ನಾಲ್ಕು ಲವ್‌ಬರ್ಡ್‌ಗಳಿಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಕೊಟ್ಟು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದ ಕಂಡಕ್ಟರು ನಮ್ಮ ಕುಲದವರೇ. ಪಂಜರದಲ್ಲಿ ಬಾಯಿ ಮುಚ್ಚಿಕೊಂಡು ಕೂತ ಹಕ್ಕಿಯನ್ನೂ ನಿಯಮದ ಹೊರಗೆ ಬಿಡದ ಪರಂಪರೆ ನಮ್ಮದು.

ವಿಧಾನ ಸರಳ. ಮೊದಲು, ‘ಸುಮ್ನಿರಪ್ಪ’. ಕೇಳಲಿಲ್ಲವೆ, ಒಂದು ಸೀಟಿ. ಬಸ್ಸು ನಿಂತಿತು. ‘ಇಳಿಯಪ್ಪ ಕೆಳಕ್ಕೆ.’ ಇಳಿದ ಮೇಲೆ ಎರಡು ಸೀಟಿ. 2021ರ ನವೆಂಬರಿನಲ್ಲಿ ಸಾರಿಗೆ ಸಂಸ್ಥೆ ಇದನ್ನು ಕಾಗದದ ಮೇಲೂ ಇಳಿಸಿತು. ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಜೋರಾಗಿ ಹಾಕುವಂತಿಲ್ಲ, ಹೇಳಿದ ಮಾತು ಕೇಳದಿದ್ದರೆ ಕೆಳಗಿಳಿಸಬಹುದು, ಟಿಕೆಟ್ ಹಣ ವಾಪಸಿಲ್ಲ. ಇದರಲ್ಲಿ ಹಂತಗಳಿಲ್ಲ, ಸಮಿತಿ ಇಲ್ಲ, ನಿವೃತ್ತ ನ್ಯಾಯಾಧೀಶರಿಲ್ಲ. ಇದ್ದರೂ ಅವರು ಹಿರಿಯ ನಾಗರಿಕರ ಸೀಟಿನಲ್ಲಿ ನಿದ್ದೆ ಮಾಡುತ್ತಿರುತ್ತಾರೆ. 2023ರ ಜೂನಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲಂತೂ ಸೀಟಿಯೂ ಬೇಡವಾಗಿದೆ. ಕುಡಿದು ಬಾಯಿ ಬಿಟ್ಟವನ ಕಡೆ ನಲವತ್ತು ಹೆಂಗಸರು ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದೇ ತಿರುಗಿ ನೋಡಿದರೆ ಅವನಾಗಿಯೇ ಮುಂದಿನ ಸ್ಟಾಪು ಕೇಳುತ್ತಾನೆ.

ತಮ್ಮ ವಿಧಾನವನ್ನೂ ಓದಿದೆ. 2017ರ ಸೆಪ್ಟೆಂಬರಿನಲ್ಲಿ ತಾವು ಹೊರಡಿಸಿದ ನಿಯಮದಲ್ಲಿ ಉಪದ್ರವಕ್ಕೆ ಮೂರು ಹಂತ. ಬಾಯಿಮಾತು, ಕೈಸನ್ನೆ, ಕುಡಿದ ಗಲಾಟೆ ಮೊದಲನೆಯದು, ಮೂರು ತಿಂಗಳವರೆಗೆ ಹಾರುವಂತಿಲ್ಲ. ತಳ್ಳುವುದು, ಒದೆಯುವುದು, ಮೈಮುಟ್ಟುವುದು ಎರಡನೆಯದು, ಆರು ತಿಂಗಳವರೆಗೆ. ಕತ್ತು ಹಿಸುಕುವುದು, ಪೈಲಟ್ ಕೋಣೆಗೆ ನುಗ್ಗುವುದು ಮೂರನೆಯದು, ಎರಡು ವರ್ಷಕ್ಕೆ ಕಡಿಮೆ ಇಲ್ಲ. ಯಾರದು ಯಾವ ಹಂತ ಎಂದು ತೀರ್ಮಾನಿಸಲು ವಿಮಾನ ಸಂಸ್ಥೆಯಲ್ಲಿ ಒಂದು ಆಂತರಿಕ ಸಮಿತಿ: ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, ಬೇರೊಂದು ವಿಮಾನ ಸಂಸ್ಥೆಯವರೊಬ್ಬರು, ಪ್ರಯಾಣಿಕರ ಅಥವಾ ಗ್ರಾಹಕರ ಪರವಾಗಿ ಒಬ್ಬರು. ಅವರಿಗೆ 30 ದಿನ ಗಡುವು. ಗಡುವು ಮೀರಿದರೆ ಪ್ರಯಾಣಿಕ ಮತ್ತೆ ಹಾರಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳ ಮುಂದೆ ಮೇಲ್ಮನವಿ. ಬಹಳ ಅಚ್ಚುಕಟ್ಟು. ಒಂದೇ ಅನುಮಾನ: ಈ ಮೂರು ಹಂತದಲ್ಲಿ ಸೀಟು ನಂಬರಿನ ಪ್ರಸ್ತಾಪ ಎಲ್ಲೂ ಇಲ್ಲ. ಆಚರಣೆಯಲ್ಲಿ ನನಗೆ ಕಂಡದ್ದು ಅದೊಂದೇ.

ಈ ನಿಯಮ ಹುಟ್ಟಿದ್ದು ಹೇಗೆಂದು ತಮಗೆ ಹೇಳಬೇಕಿಲ್ಲ. 2017ರ ಮಾರ್ಚ್ 23ರಂದು ಶಿವಸೇನೆಯ ಸಂಸದ ರವೀಂದ್ರ ಗಾಯಕ್ವಾಡ್ ಅವರ ಟಿಕೆಟ್ ಬಿಸಿನೆಸ್ ಕ್ಲಾಸಿನದಾಗಿತ್ತು, ವಿಮಾನದಲ್ಲಿ ಆ ಕ್ಲಾಸೇ ಇರಲಿಲ್ಲ. ವಿಮಾನ ದೆಹಲಿಯಲ್ಲಿ ಇಳಿದ ಮೇಲೆ ಅವರು ಏರ್ ಇಂಡಿಯಾ ಸಿಬ್ಬಂದಿಯೊಬ್ಬರಿಗೆ ಚಪ್ಪಲಿಯಿಂದ ಹೊಡೆದರು. ಇಪ್ಪತ್ತೈದು ಸಲ ಎಂದು ಕ್ಯಾಮೆರಾ ಮುಂದೆ ಲೆಕ್ಕವನ್ನೂ ಅವರೇ ಕೊಟ್ಟರು. ಲೆಕ್ಕದಲ್ಲಿ ಇಷ್ಟು ಪ್ರಾಮಾಣಿಕರಾದ ಪ್ರಯಾಣಿಕರನ್ನು ನಾನು ವೇಬಿಲ್ ಬರೆದ ಕಾಲದಲ್ಲಿ ಕಂಡಿಲ್ಲ. ವಿಮಾನ ಸಂಸ್ಥೆಗಳೆಲ್ಲ ಸೇರಿ ಅವರನ್ನು ಹತ್ತಿಸುವುದಿಲ್ಲ ಎಂದವು. ಲೋಕಸಭೆಯಲ್ಲಿ ಗದ್ದಲವಾಯಿತು, ವಿಷಾದದ ಪತ್ರವೊಂದು ಸಚಿವರಿಗೆ ಹೋಯಿತು, ಏಪ್ರಿಲ್ 7ರಂದು ನಿರ್ಬಂಧ ಮುಗಿಯಿತು. ಹದಿನೈದು ದಿನ. ನಮ್ಮೂರಲ್ಲಿ ಸೂತಕವೇ ಹನ್ನೊಂದು ದಿನ ಇರುತ್ತದೆ.

2020ರ ಜನವರಿಯಲ್ಲಿ ಮುಂಬೈ–ಲಖನೌ ವಿಮಾನದಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ ಅವರು ಪತ್ರಕರ್ತ ಅರ್ಣಬ್ ಗೋಸ್ವಾಮಿ ಅವರ ಸೀಟಿನ ಹತ್ತಿರ ನಿಂತು ಪ್ರಶ್ನೆ ಕೇಳಿದರು. ಟೀವಿಯಲ್ಲಿ ಗೋಸ್ವಾಮಿಯವರು ದಿನವೂ ಎತ್ತರದ ದನಿಯಲ್ಲಿ ಕೇಳುವುದನ್ನೇ ಇವರು ತಗ್ಗಿದ ದನಿಯಲ್ಲಿ ಕೇಳಿದರು. ಕೆಟ್ಟ ನಡವಳಿಕೆ, ಒಪ್ಪುತ್ತೇನೆ. ಪಕ್ಕದವನು ಹೆಡ್‌ಫೋನ್ ಹಾಕಿ ಕೂತಿದ್ದರೆ ಬಿಟ್ಟುಬಿಡಬೇಕು. ಆದರೆ ಅಂದೇ ಇಂಡಿಗೊ ಆರು ತಿಂಗಳ ನಿಷೇಧ ಹಾಕಿತು. ಸಮಿತಿ ಆಮೇಲೆ. ಸಚಿವರು ಉಳಿದ ಸಂಸ್ಥೆಗಳಿಗೂ ಇದನ್ನೇ ಮಾಡಿ ಎಂದರು. ಅವರನ್ನು ಅಂದು ಹತ್ತಿಸಿಯೇ ಇರದ ಸಂಸ್ಥೆಗಳೂ ಬಾಗಿಲು ಹಾಕಿದವು. ಆ ವಿಮಾನದ ಕ್ಯಾಪ್ಟನ್ ಮಾತ್ರ, ಇದು ನಿಯಮದ ಮೊದಲ ಹಂತಕ್ಕೂ ಬರುವುದಿಲ್ಲ ಎಂದು ಸಂಸ್ಥೆಗೆ ಬರೆದರು. ಕೊನೆಗೆ ಸಮಿತಿ ಆರನ್ನು ಮೂರಕ್ಕಿಳಿಸಿತು. ಡ್ರೈವರ್ ಮಾತು ಕೇಳದೆ ಬಸ್ಸು ಬಿಟ್ಟ ಡಿಪೋ ಮ್ಯಾನೇಜರನ್ನು ನಾನಂತೂ ಕಂಡಿಲ್ಲ. ನಮ್ಮ ಕಡೆ ಡ್ರೈವರ್ ‘ಗಾಡಿ ಹೊರಡಲ್ಲ’ ಅಂದರೆ ಹೊರಡಲ್ಲ.

ಈಗ ಬೀಡಿಯ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕಾರಣವೇ ಅದು.

2023ರ ಮೇ 16ರಂದು ಅಹಮದಾಬಾದಿನಿಂದ ಬೆಂಗಳೂರಿಗೆ ಬಂದ ಆಕಾಸ ಏರ್ ವಿಮಾನದ ಶೌಚಾಲಯದಲ್ಲಿ ರಾಜಸ್ಥಾನದ ಐವತ್ತು ದಾಟಿದ ಒಬ್ಬರು ಬೀಡಿ ಹಚ್ಚಿದರು. ಸಿಕ್ಕಿಬಿದ್ದರು. ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯುತ್ತಲೇ ಬಂಧನ, ಹಿಂದೆಯೇ ಜೈಲು. ವಿಮಾನ ಹತ್ತಿದ್ದು ಅದೇ ಮೊದಲು, ರೈಲಿನ ಶೌಚಾಲಯದಲ್ಲಿ ಸೇದುವ ಅಭ್ಯಾಸ, ಇಲ್ಲೂ ನಡೆಯುತ್ತದೆ ಅಂದುಕೊಂಡೆ ಎಂದು ಪೊಲೀಸರಿಗೆ ಹೇಳಿದರಂತೆ. ಅವರ ಹೆಸರು, ಊರು, ವಯಸ್ಸು ಎಲ್ಲವೂ ತಕ್ಷಣವೇ ಪತ್ರಿಕೆಗಳಲ್ಲಿ ಬಂದವು. ನಾನಿಲ್ಲಿ ಬರೆಯುವುದಿಲ್ಲ.

ಬೀಡಿ ಸಣ್ಣ ತಪ್ಪು ಎಂದು ನಾನು ಹೇಳುತ್ತಿಲ್ಲ. 1973ರ ಜುಲೈನಲ್ಲಿ ಬ್ರೆಜಿಲ್‌ನ ವರಿಗ್ ಸಂಸ್ಥೆಯ ವಿಮಾನವೊಂದರಲ್ಲಿ ಪ್ಯಾರಿಸ್ ತಲುಪುವ ಹೊತ್ತಿಗೆ ಶೌಚಾಲಯದ ಕಡೆಯಿಂದ ಬೆಂಕಿ ಎದ್ದು ಹೊಗೆ ತುಂಬಿ 123 ಜನ ಸತ್ತರು. ಕಸದ ಡಬ್ಬಿಗೆ ಬಿದ್ದ ಸಿಗರೇಟಿನ ತುಂಡೇ ಇರಬೇಕೆಂಬ ಅನುಮಾನ. ಆದ್ದರಿಂದಲೇ ಧೂಮಪಾನ ನಿಷೇಧವಿರುವ ವಿಮಾನದ ಶೌಚಾಲಯದಲ್ಲೂ ಬೂದಿ ತಟ್ಟೆ ಇರಲೇಬೇಕೆಂಬ ನಿಯಮವಿದೆ: ಸೇದಬಾರದು, ಸೇದುವವನು ಸೇದೇ ಸೇದುತ್ತಾನೆ, ಕಸದ ಡಬ್ಬಿಗಂತೂ ಹಾಕದಿರಲಿ. ಮನುಷ್ಯನ ಸ್ವಭಾವ ತಿಳಿದವರು ಬರೆದ ನಿಯಮ ಇದೊಂದೇ ಇರಬೇಕು. ಹಾಗಾಗಿ ಬೀಡಿಯವರನ್ನು ಹಿಡಿದದ್ದು ಸರಿ. ಬೀಡಿಯನ್ನು ಹಚ್ಚಿದ ಬೆಂಕಿ ಭದ್ರತಾ ತಪಾಸಣೆ ದಾಟಿ ಒಳಗೆ ಬಂದದ್ದು ಹೇಗೆಂದು ಯಾರನ್ನು ಹಿಡಿದು ಕೇಳಿದರೋ, ಅದು ಮಾತ್ರ ಪತ್ರಿಕೆಯಲ್ಲಿ ಬರಲಿಲ್ಲ.

ಆದರೆ ಅದಕ್ಕೆ ಆರು ತಿಂಗಳ ಹಿಂದಿನ ಇನ್ನೊಂದು ಪ್ರಯಾಣ ನೋಡಿ. 2022ರ ನವೆಂಬರ್ 26, ನ್ಯೂಯಾರ್ಕ್–ದೆಹಲಿ ಏರ್ ಇಂಡಿಯಾ, ಬಿಸಿನೆಸ್ ಕ್ಲಾಸು. ಕುಡಿದ ಪ್ರಯಾಣಿಕನೊಬ್ಬ ತನ್ನ ಮೇಲೆ ಮೂತ್ರ ಮಾಡಿದ ಎಂದು ಹಿರಿಯ ಮಹಿಳೆಯೊಬ್ಬರ ದೂರು. ಆರೋಪಿ ಮುಂದೆ ನ್ಯಾಯಾಲಯದಲ್ಲಿ ಅಲ್ಲಗಳೆದ. ಸಿಬ್ಬಂದಿ ಅದೇ ಸೀಟಿನ ಮೇಲೆ ಹೊದಿಕೆ ಹಾಸಿ ಕೂರಲು ಹೇಳಿದರು, ಬೇಡವೆಂದರೂ ಅವನನ್ನು ತನ್ನೆದುರು ಕರೆತಂದು ಕ್ಷಮೆ ಕೇಳಿಸಿದರು ಎಂದು ಆಕೆ ಬರೆದರು. ಇಬ್ಬರೂ ರಾಜಿಯಾದಂತಿತ್ತು ಎಂಬುದು ಸಂಸ್ಥೆಯ ಸಮಜಾಯಿಷಿ. ವಿಮಾನ ಇಳಿಯಿತು, ಆತ ಚೀಲ ಎತ್ತಿಕೊಂಡು ಹೊರಟುಹೋದ. ಪೊಲೀಸರು ಎಫ್‌ಐಆರ್ ಬರೆದದ್ದು 2023ರ ಜನವರಿ 4ರಂದು. ಆಮೇಲೆ ಅವನನ್ನು ಹುಡುಕಿ ಹಿಡಿದದ್ದು ನಮ್ಮ ಬೆಂಗಳೂರಿನಲ್ಲೇ. ಬೀಡಿಯ ಹೊಗೆ ಕೆಂಪೇಗೌಡ ನಿಲ್ದಾಣದ ಬಾಗಿಲಲ್ಲೇ ಪೊಲೀಸರ ಮೂಗಿಗೆ ಬಡಿಯಿತು. ಇದು ಬಡಿಯಲು ಐದು ವಾರ ಬೇಕಾಯಿತು.

ಸಮಿತಿ ಕೊಟ್ಟ ನಿಷೇಧ ನಾಲ್ಕು ತಿಂಗಳು. ಮೊದಲ ಹಂತದ ಮೂರನ್ನು ದಾಟಿತು, ಎರಡನೆಯ ಹಂತದ ಆರನ್ನು ಮುಟ್ಟಲಿಲ್ಲ. ತರಕಾರಿ ಅಂಗಡಿಯಲ್ಲಿ ನಾವೂ ಹೀಗೇ ಒಪ್ಪಂದಕ್ಕೆ ಬರುತ್ತೇವೆ. ಇತ್ತ ತಾವು ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಹಾಕಿದಿರಿ, ಕ್ಯಾಪ್ಟನ್ನಿನ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿದಿರಿ. ಗಲೀಜು ಮಾಡಿದ ಆರೋಪಕ್ಕೆ ನಾಲ್ಕು ತಿಂಗಳು, ಕರ್ತವ್ಯ ತಪ್ಪಿದ ಕ್ಯಾಪ್ಟನ್ನಿಗೆ ಮೂರು. ಬಸ್ಸಿನಲ್ಲಿ ಟಿಕೆಟ್ ತೆಗೆಯದವನಿಗೂ ಟಿಕೆಟ್ ಕೊಡದ ಕಂಡಕ್ಟರಿಗೂ ಶಿಕ್ಷೆ ಬೇರೆ ಬೇರೆ ಎಂದು ನಂಬಿ ನಾನು ನಿವೃತ್ತನಾದೆ. 30 ಲಕ್ಷ ಸರ್ಕಾರದ ಖಾತೆಗೆ ಹೋಯಿತು. ಸೀಟು ಒದ್ದೆಯಾದದ್ದು ಸರ್ಕಾರದ್ದಲ್ಲ.

ಅದೇ ಚಳಿಗಾಲದಲ್ಲಿ, ಡಿಸೆಂಬರ್ 10ರಂದು, ಚೆನ್ನೈನಲ್ಲಿ ತಿರುಚ್ಚಿಗೆ ಹೊರಡಲಿದ್ದ ಇಂಡಿಗೊದ ತುರ್ತು ಬಾಗಿಲು ತೆರೆದುಕೊಂಡಿತು. ಎಲ್ಲರನ್ನೂ ಇಳಿಸಿ, ತಪಾಸಣೆ ಮಾಡಿ, ತಡವಾಗಿ ಕಳಿಸಿದರು. ತಿಂಗಳು ಕಳೆದು ಸುದ್ದಿ ಹೊರಬಂದಾಗ ಸಂಸ್ಥೆಯ ಹೇಳಿಕೆಯಲ್ಲಿದ್ದದ್ದು ‘ಒಬ್ಬ ಪ್ರಯಾಣಿಕ’. ಆ ಒಬ್ಬ ಪ್ರಯಾಣಿಕ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ. ತಪ್ಪಿ ಆಗಿದೆ, ಅವರೇ ಕ್ಷಮೆ ಕೇಳಿದ್ದಾರೆ ಎಂದು ವಿಮಾನಯಾನ ಸಚಿವರು ಹೇಳಿದರು. ತಪ್ಪಿಯೇ ಆಗಿರಬಹುದು, ಅಲ್ಲ ಎನ್ನುವುದಿಲ್ಲ. ಬಸ್ಸಿನ ಹಿಂಬದಿಯ ತುರ್ತು ಬಾಗಿಲನ್ನು ನಮ್ಮ ಮೆಕ್ಯಾನಿಕ್ಕುಗಳು ಸಲಾಕೆ ಹಾಕಿದರೂ ತೆಗೆಯಲಾರರು, ತಪ್ಪಿ ತೆರೆದುಕೊಳ್ಳುವುದಂತೂ ದೂರ. ನನ್ನ ಪ್ರಶ್ನೆ ಹೆಸರಿನದು. ರೈಲಿನಂತೆ ಇಲ್ಲೂ ನಡೆಯುತ್ತದೆ ಎಂದುಕೊಂಡದ್ದೂ ತಪ್ಪಿಯೇ ಆದದ್ದಲ್ಲವೆ? ಬೀಡಿಯವರು ‘ಒಬ್ಬ ಪ್ರಯಾಣಿಕ’ ಆಗಲಿಲ್ಲವಲ್ಲ.

ವಿಮಾನ ಬಸ್ಸಲ್ಲ, ಆಕಾಶದಲ್ಲಿ ಸೀಟಿ ಊದಿ ಇಳಿಸಲಾಗದು ಎಂದು ತಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯುತ್ತಾರೆಂದು ಗೊತ್ತು. ಇಳಿಸಬಹುದು ಸ್ವಾಮಿ. 1963ರ ಟೋಕಿಯೊ ಒಪ್ಪಂದ, ಅದನ್ನು ಒಪ್ಪಿ ನಮ್ಮ ಸಂಸತ್ತು ಮಾಡಿದ 1975ರ ಕಾಯ್ದೆ ಎರಡೂ ಕ್ಯಾಪ್ಟನ್ನಿಗೆ ಆ ಅಧಿಕಾರ ಕೊಟ್ಟಿವೆ: ಕಟ್ಟಿ ಕೂರಿಸಬಹುದು, ಇಳಿದಲ್ಲಿ ಇಳಿಸಬಹುದು, ಪೊಲೀಸರಿಗೆ ಒಪ್ಪಿಸಬಹುದು. 2023ರ ಏಪ್ರಿಲಿನಲ್ಲಿ ದೆಹಲಿ–ಲಂಡನ್ ಏರ್ ಇಂಡಿಯಾ ವಿಮಾನದಲ್ಲಿ ಒಬ್ಬಾತ ಸಿಬ್ಬಂದಿಗೆ ಹೊಡೆದಾಗ ಕ್ಯಾಪ್ಟನ್ ಲಂಡನ್ನಿಗೆ ಹೋಗದೆ ದೆಹಲಿಗೇ ತಿರುಗಿಸಿದರು. ಆತನಿಗೆ ಎರಡು ವರ್ಷ ನಿಷೇಧವಾಯಿತು. ಅಮೆರಿಕದವರು 2021ರಲ್ಲಿ ಎಚ್ಚರಿಕೆ ಪತ್ರದ ಸಂಪ್ರದಾಯವನ್ನೇ ನಿಲ್ಲಿಸಿ, ತಪ್ಪೊಂದಕ್ಕೆ 37,000 ಡಾಲರಿನವರೆಗೆ ದಂಡ ಎಂದರು. ಹಾಗಾಗಿ ಕಾನೂನಿನ ಬರವಿಲ್ಲ. ಸೀಟಿ ಇದೆ, ಊದುವವರು ಮೊದಲು ಯಾವ ಸಾಲು ಎಂದು ನೋಡುತ್ತಾರೆ.

ಕಂಡಕ್ಟರಿನಿಂದ ಇನ್ನೊಂದು ಉಪಯೋಗವೂ ಉಂಟು. 2023ರ ಜನವರಿ 9ರಂದು ಬೆಂಗಳೂರಿನಲ್ಲಿ ಗೋ ಫಸ್ಟ್ ವಿಮಾನ 55 ಪ್ರಯಾಣಿಕರನ್ನು ನಿಲ್ದಾಣದೊಳಗಿನ ಬಸ್ಸಿನಲ್ಲೇ ಬಿಟ್ಟು ದೆಹಲಿಗೆ ಹಾರಿತು. ಬೋರ್ಡಿಂಗ್ ಪಾಸು ಅವರ ಕೈಯಲ್ಲಿತ್ತು, ಚೀಲಗಳು ವಿಮಾನದಲ್ಲಿದ್ದವು. ತಾವು ಹತ್ತು ಲಕ್ಷ ದಂಡ ಹಾಕಿದಿರಿ. ಇದು ತಮ್ಮ ನಿಯಮದ ಎಷ್ಟನೇ ಹಂತ? ಪ್ರಯಾಣಿಕ ವಿಮಾನಕ್ಕೆ ಉಪದ್ರವ ಕೊಟ್ಟರೆ ಮೂರು ಹಂತ ಇವೆ, ವಿಮಾನ ಪ್ರಯಾಣಿಕನಿಗೆ ಕೊಟ್ಟರೆ ಒಂದೂ ಕಾಣಲಿಲ್ಲ. ತಲೆ ಎಣಿಸದೆ ಎರಡು ಸೀಟಿ ಊದಿದ ಕಂಡಕ್ಟರಿಗೆ ಚೆಕಿಂಗ್ ಇನ್‌ಸ್ಪೆಕ್ಟರ್ ಏನು ಮಾಡುತ್ತಾರೆಂಬುದನ್ನು ಸಂದರ್ಶನದ ವೇಳೆ ವಿವರಿಸುತ್ತೇನೆ.

ಸೇವಾ ಷರತ್ತುಗಳಲ್ಲಿ ನನ್ನದು ಹೆಚ್ಚಿನ ಬೇಡಿಕೆ ಇಲ್ಲ. ಖಾಕಿ ಸಮವಸ್ತ್ರ ಇರಲಿ, ಕೋಟು ಬೇಡ. ಊಟಕ್ಕೆ ಮುದ್ದೆ ಸಿಗದಿದ್ದರೆ ಚಿಂತೆಯಿಲ್ಲ, ನಂಜನಗೂಡು ರಸಬಾಳೆ ಎರಡು ಚೀಲದಲ್ಲಿರುತ್ತವೆ. ಕುಡಿಯಲು ಕೊಡುವ ಅಧಿಕಾರ ಬೇರೆಯವರಿಗಿರಲಿ, ನಾಲ್ಕನೆಯ ಗ್ಲಾಸು ಬೇಡ ಎನ್ನುವ ಅಧಿಕಾರ ನನಗೆ ಕೊಡಿ. ಬಿಸಿನೆಸ್ ಕ್ಲಾಸಿಗೂ ಎಕಾನಮಿಗೂ ನಡುವೆ ಒಂದು ಪರದೆ ಇರುತ್ತದಂತೆ. ನನ್ನನ್ನು ಸರಿಯಾಗಿ ಅದರ ಕೆಳಗೆ ನಿಲ್ಲಿಸಿ, ಎರಡೂ ಕಡೆ ಕಾಣಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ನಿರ್ವಾಹಕ, ಹುಲ್ಲಹಳ್ಳಿ

ಪ್ರತಿಗಳು:
ಬಿಸಿನೆಸ್ ಕ್ಲಾಸ್ ಪ್ರಯಾಣಿಕರಿಗೆ, ದಯಾಪರ ಮಾಹಿತಿಗಾಗಿ.
ಎಕಾನಮಿ ಕ್ಲಾಸ್ ಪ್ರಯಾಣಿಕರಿಗೆ, ಕಡ್ಡಾಯ ಪಾಲನೆಗಾಗಿ.