ಚಾವಡಿಗೆ ಬಂದ ಮೈಕ್ ಸೆಟ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಕ್ಷಗಾನ, ಕೋಲ, ಮದುವೆಗಳಲ್ಲಿ ದುಡಿದು ನಿವೃತ್ತವಾದ ಅಹುಜಾ ಆಂಪ್ಲಿಫೈಯರಿಗೆ ಮನೆಯ ಚಾವಡಿಯಲ್ಲೂ ಕೆಲಸ ಉಂಟು. ತಗಡಿನ ಪೆಟ್ಟಿಗೆ, ಮಣಭಾರದ ಟ್ರಾನ್ಸ್‌ಫಾರ್ಮರ್. ಹಲವು ಮಾದರಿಗಳು ಕರೆಂಟು ಹೋದರೆ 12 ವೋಲ್ಟಿನ ಬ್ಯಾಟರಿಯಲ್ಲೂ ಹಾಡುತ್ತವೆ. ಇಲ್ಲಿನ ಮಳೆಗಾಲಕ್ಕೆ ಇದಕ್ಕಿಂತ ದೊಡ್ಡ ಅರ್ಹತೆ ಬೇಡ. ಹಿಂಬದಿಯಲ್ಲಿ 4, 8, 16 ಓಮ್ ಮತ್ತು 100 ವೋಲ್ಟಿನ ತಿರುಪುಗಳಿರುತ್ತವೆ. ಕೊನೆಯದು ಗದ್ದೆಯಾಚೆ ತೆಂಗಿನ ಮರಕ್ಕೆ ಕಟ್ಟಿದ ಹಾರ್ನಿಗೆ. 8 ಓಮಿನ ಮನೆ ಸ್ಪೀಕರನ್ನು ಅಲ್ಲಿಗೆ ಸಿಕ್ಕಿಸಿದರೆ ಮೊದಲ ಪದ್ಯಕ್ಕೇ ಮಂಗಳ. ಫೋನನ್ನು ಜೋಡಿಸುವುದು ಮೈಕಿನ ತೂತಿಗಲ್ಲ, ಆಕ್ಸ್‌ಗೆ. ಹಳೆಯವು ಹೆಚ್ಚಾಗಿ ಮೋನೊ. ಎಡಬಲದ ಭೇದ ಅವಕ್ಕಿಲ್ಲ. ಭಾಗವತರ ಕಂಠಕ್ಕೆ, ಚೆಂಡೆಯ ಹೊಡೆತಕ್ಕೆ ಅದೇನೂ ಕೊರತೆಯಲ್ಲ. ವಾಲ್ಯೂಮನ್ನು ಎರಡರಾಚೆ ತಿರುಗಿಸಿದರೆ ಮಾತ್ರ, ಇವತ್ತು ಆಟ ಯಾರ ಮನೆಯದ್ದೆಂದು ನೆರೆಯವರು ಕೇಳಿಕೊಂಡು ಬರುತ್ತಾರೆ.